ಮೈಕ್ರೋಲೈಟ್ ವಿಮಾನ ಹಾರಿಸಲು ಕಲಿಯಬೇಕೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೊಂದು ದಾರಿ

ಬೆಳಗಾವಿಯ ವಿಮಾನ ನಿಲ್ದಾಣ ಇರುವ ಸಾಂಬ್ರಾ ಕಡೆ ಓಡಾಡುವವರು ಗಮನಿಸಿರುತ್ತೀರಿ. ದೊಡ್ಡ ವಿಮಾನಗಳ ನಡುವೆ ಎರಡು ಸೀಟಿನ ಸಣ್ಣ ವಿಮಾನಗಳೂ ರನ್‌ವೇ ಸುತ್ತ ಸುತ್ತು ಹೊಡೆಯುತ್ತಿರುತ್ತವೆ. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ಹಾರಾಟ ತರಬೇತಿ ಶಾಲೆಗಳಿಗೆಂದು ದೇಶದ ಐದು ನಿಲ್ದಾಣಗಳನ್ನು ಆರಿಸಿತು. ಅದರಲ್ಲಿ ನಮ್ಮ ರಾಜ್ಯದ್ದು ಎರಡು, ಬೆಳಗಾವಿ ಮತ್ತು ಕಲಬುರಗಿ. ಅಲ್ಲಿಂದ ಈಚೆಗೆ "ನಾನೂ ಕಲಿಯಬಹುದಾ?" ಎಂದು ಕೇಳುವವರು ನಮ್ಮ ಕಡೆ ಜಾಸ್ತಿಯಾಗಿದ್ದಾರೆ.

ಕಲಿಯಬಹುದು. ಪೈಲಟ್ ಕೆಲಸಕ್ಕೇ ಸೇರಬೇಕೆಂದಿಲ್ಲ. ಹೊಲ ನೋಡಿಕೊಂಡಿರುವವರು, ಅಂಗಡಿ ಇಟ್ಟವರು, ಕಾಲೇಜಿನಲ್ಲಿ ಪಾಠ ಮಾಡುವವರು ಯಾರೇ ಆಗಲಿ, ಹಾರುವ ಖುಷಿಗೆಂದೇ ಕಲಿಯಬಹುದು. ಈ ಬರಹ ಅಂಥವರಿಗೆ. ಇಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ನಮ್ಮ ಮೂರು ಜಿಲ್ಲೆಯವರು ವಿಮಾನ ನಡೆಸುವ ಸ್ಟಿಕ್ ಹಿಡಿಯುವ ಮೊದಲು ಬಿಸಿಲು ಮತ್ತು ಗಾಳಿಯನ್ನು ಓದಲು ಕಲಿಯಬೇಕು. ಅದಕ್ಕೆ ಫೀಸಿಲ್ಲ. ಮನೆ ಮಾಳಿಗೆ ಮೇಲೆ ನಿಂತು ಇವತ್ತೇ ಶುರು ಮಾಡಬಹುದು.

ಎಂಥ ವಿಮಾನ ಇದು

ಹೊರದೇಶಗಳಲ್ಲಿ ಅಲ್ಟ್ರಾಲೈಟ್ ಎನ್ನುವ ವಿಮಾನಕ್ಕೆ ನಮ್ಮ ಸರ್ಕಾರಿ ಕಾಗದಗಳಲ್ಲಿ ಮೈಕ್ರೋಲೈಟ್ ಎಂದಿರುತ್ತದೆ. ಹೆಚ್ಚೆಂದರೆ ಎರಡು ಸೀಟು. ಇಂಧನ, ಜನ ಎಲ್ಲ ಸೇರಿ ಹಾರುವ ತೂಕ 450 ಕಿಲೋ ಮೀರಬಾರದು. ಇಷ್ಟು ಹಗುರ ಇರುವುದರಿಂದಲೇ ಅದು ಕಡಿಮೆ ವೇಗದಲ್ಲಿ ಏರುತ್ತದೆ, ಕಡಿಮೆ ಜಾಗದಲ್ಲಿ ಇಳಿಯುತ್ತದೆ. ಹಗುರ ಇರುವುದರಿಂದಲೇ ಗಾಳಿ ಅದನ್ನು ಎತ್ತಿ ಎಸೆಯುವುದೂ ಸುಲಭ.

ಇದರಲ್ಲಿ ಎರಡು ಜಾತಿ. ಒಂದು ಟ್ರೈಕ್. ಮೇಲೆ ತ್ರಿಕೋನದ ಬಟ್ಟೆ ರೆಕ್ಕೆ, ಕೆಳಗೆ ಮೂರು ಗಾಲಿಯ ಗಾಡಿ, ಹಿಂದೆ ಇಂಜಿನ್. ಎದುರಿಗಿರುವ ಅಡ್ಡ ಬಾರ್ ಹಿಡಿದು ನಿಮ್ಮ ಭಾರವನ್ನೇ ಆ ಕಡೆ ಈ ಕಡೆ ಸರಿಸಿ ನಡೆಸಬೇಕು. ಇನ್ನೊಂದು ಮಾಮೂಲಿ ವಿಮಾನದ ಹಾಗೆ ಸ್ಟಿಕ್, ಪೆಡಲ್, ಬಾಲ ಎಲ್ಲ ಇರುವುದು. ಬೆಂಗಳೂರಿನ ರಾಜ್‌ಹಂಸ ಕಂಪನಿ ತಯಾರಿಸಿದ ಎಕ್ಸ್‌-ಏರ್ ಈ ಎರಡನೆಯ ಜಾತಿಯದು, ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಟ್ಟೆ ಬಿಗಿದ ವಿಮಾನ. ಹೊರದೇಶಗಳಿಗೂ ಹೋಗಿದೆ. ಎನ್‌ಸಿಸಿ ಏರ್ ವಿಂಗ್‌ನವರ ಬಳಿ ಇರುವ ಪಿಪಿಸ್ಟ್ರೆಲ್ ವೈರಸ್ ಕೂಡ ಇದೇ ಜಾತಿ, ಆದರೆ ಗಟ್ಟಿ ಮೈಯದು.

ಒಂದು ಎಚ್ಚರ. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಟ್ರೈಕ್‌ನಲ್ಲಿ ಬಾರ್ ಮುಂದಕ್ಕೆ ತಳ್ಳಿದರೆ ಮೂಗು ಮೇಲೇಳುತ್ತದೆ, ವೇಗ ಇಳಿಯುತ್ತದೆ. ಸ್ಟಿಕ್ ಇರುವ ವಿಮಾನದಲ್ಲಿ ಮುಂದಕ್ಕೆ ತಳ್ಳಿದರೆ ಮೂಗು ಕೆಳಗೆ ಹೋಗುತ್ತದೆ. ನೆಲದ ಮೇಲೆ ಕಾಲಿನಿಂದ ತಿರುಗಿಸುವುದೂ ಉಲ್ಟಾ. ಗಾಬರಿಯಾದಾಗ ಕೈಕಾಲು ಹಳೆಯ ರೂಢಿಗೇ ಹೋಗುತ್ತವೆ. ಹಾಗಾಗಿ ಒಂದನ್ನು ಆರಿಸಿ ಅದರಲ್ಲೇ ಲೈಸೆನ್ಸ್ ಮುಗಿಸಿ. ನನ್ನನ್ನು ಕೇಳಿದರೆ ಸ್ಟಿಕ್ ಇರುವುದನ್ನೇ ಆರಿಸಿಕೊಳ್ಳಿ. ಮುಂದೆ ದೊಡ್ಡ ವಿಮಾನ ಕಲಿಯುವ ಮನಸ್ಸಾದರೆ ಕಲಿತದ್ದು ಹಾಗೇ ಕೆಲಸಕ್ಕೆ ಬರುತ್ತದೆ.

ಎಲ್ಲಿ ಕಲಿಯುವುದು

ಇಲ್ಲಿ ಹಲವರಿಗೆ ಗೊಂದಲ ಇದೆ. ಸಾಂಬ್ರಾದ ಶಾಲೆಗಳು ಮುಖ್ಯವಾಗಿ ಕಮರ್ಷಿಯಲ್ ಪೈಲಟ್ ಆಗಲು ಬರುವ ಹುಡುಗ ಹುಡುಗಿಯರಿಗೆಂದು ನಡೆಯುತ್ತವೆ. ಅಲ್ಲಿ ಹಾರಿಸುವುದು ಮಾಮೂಲಿ ತರಬೇತಿ ವಿಮಾನ, ಮೈಕ್ರೋಲೈಟ್ ಅಲ್ಲ. ಆದರೂ ಹೋಗಿ ವಿಚಾರಿಸಿ. "ನನಗೆ ಕಮರ್ಷಿಯಲ್ ಬೇಡ, ಖಾಸಗಿ ಪೈಲಟ್ ಲೈಸೆನ್ಸ್ ಅಷ್ಟೇ ಸಾಕು" ಎಂದರೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಕೇಳಿ. ಸೇರಿಸಿಕೊಂಡರೆ ರಾತ್ರಿ ಮನೆಯಲ್ಲೇ ಮಲಗಿ ಮುಂಜಾನೆ ಕ್ಲಾಸಿಗೆ ಹೋಗಬಹುದು. ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಮೈಕ್ರೋಲೈಟೇ ಬೇಕು ಎನ್ನುವವರು ಬೆಂಗಳೂರಿನ ಜಕ್ಕೂರಿನ ಕಡೆ ನೋಡಬೇಕು. ಸಣ್ಣ ವಿಮಾನಗಳು ಬಹಳ ವರ್ಷಗಳಿಂದ ಹಾರುತ್ತಿರುವ ಮೈದಾನ ಅದು. ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಮೂರು ಮಾತು ಕೇಳಿಕೊಳ್ಳಿ. ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಚಾಲ್ತಿಯಲ್ಲಿದೆಯೇ? ವಿಮಾನ ಹಾರುವ ಸ್ಥಿತಿಯಲ್ಲಿದೆಯೇ? ಮೈಕ್ರೋಲೈಟ್‌ಗೆ ಅನುಮತಿ ಇರುವ ಇನ್‌ಸ್ಟ್ರಕ್ಟರ್ ವಾರಕ್ಕೆ ಎಷ್ಟು ದಿನ ಸಿಗುತ್ತಾರೆ?

ವಾರಕ್ಕೊಮ್ಮೆ ರಾತ್ರಿ ಬಸ್ಸಿಗೆ ಹೋಗಿ ಕಲಿಯುತ್ತೇನೆ ಎನ್ನುವವರಿಗೆ ನನ್ನ ಸಲಹೆ ಬೇಡ ಎಂದೇ. ನಿದ್ದೆಗೆಟ್ಟು ಹಾರಬಾರದು, ಅದು ಮೊದಲ ಕಾರಣ. ಎರಡನೆಯದು, ಎಂಟು ದಿನದ ಅಂತರದಲ್ಲಿ ಕೈ ಕಲಿತದ್ದು ಅರ್ಧ ಮರೆತಿರುತ್ತದೆ. ದುಡ್ಡು ಕೊಟ್ಟು ಅದನ್ನೇ ಮತ್ತೆ ಕಲಿಯಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೂರು ನಾಲ್ಕು ವಾರ ಒಟ್ಟಿಗೆ ರಜೆ ಹಾಕಿ ಅಲ್ಲೇ ಇದ್ದು ಕಲಿಯಿರಿ.

ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಎನ್‌ಸಿಸಿ ಏರ್ ವಿಂಗ್ ಬಗ್ಗೆ ಕಾಲೇಜಿನಲ್ಲಿ ಕೇಳಿಸಿ. ಕೆಡೆಟ್‌ಗಳಿಗೆ ಮೈಕ್ರೋಲೈಟ್‌ನಲ್ಲಿ ಹಾರುವ ಅವಕಾಶ ಸಿಗುತ್ತದೆ, ಅದೂ ಫೀಸಿಲ್ಲದೆ.

ದುಡ್ಡು ಕಟ್ಟುವ ಮೊದಲು

ಮೊದಲ ಹೆಜ್ಜೆ ಒಂದು ಪರಿಚಯದ ಹಾರಾಟ. ಅರ್ಧ ತಾಸು ಸಾಕು. ತಲೆ ಸುತ್ತುತ್ತದೆಯೇ, ಎತ್ತರಕ್ಕೆ ಎದೆ ಢವಢವ ಎನ್ನುತ್ತದೆಯೇ, ಇಲ್ಲ ಇನ್ನೂ ಬೇಕು ಅನಿಸುತ್ತದೆಯೇ, ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು ವೈದ್ಯಕೀಯ ಪರೀಕ್ಷೆ. ಶಾಲೆಗೆ ಫೀಸು ಕಟ್ಟಿ ಆಮೇಲೆ ಇದಕ್ಕೆ ಹೋಗಬೇಡಿ. ಖಾಸಗಿ ಹಾರಾಟಕ್ಕೆ ಕ್ಲಾಸ್ 2 ಮೆಡಿಕಲ್ ಬೇಕು. ಊರಿನ ಯಾವ ಡಾಕ್ಟರಾದರೂ ಆಗುವುದಿಲ್ಲ, ಡಿಜಿಸಿಎ ಪಟ್ಟಿಯಲ್ಲಿ ಇರುವವರೇ ಮಾಡಬೇಕು. ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕಣ್ಣು, ಕಿವಿ, ಬಿಪಿ, ಇಸಿಜಿ, ರಕ್ತ, ಮೂತ್ರ ಎಲ್ಲ ನೋಡುತ್ತಾರೆ. ಕನ್ನಡಕ ಇದ್ದರೆ ಹೆದರಬೇಕಿಲ್ಲ, ಕನ್ನಡಕ ಹಾಕಿಕೊಂಡು ಸರಿಯಾಗಿ ಕಂಡರೆ ಸಾಕು. ಎಷ್ಟೋ ಜನರನ್ನು ನಿಲ್ಲಿಸುವುದು ಬಣ್ಣ ಗುರುತಿಸುವ ಪರೀಕ್ಷೆ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣುತ್ತಿಲ್ಲ ಎನ್ನುವುದು ಕೆಲವರಿಗೆ ಆ ದಿನದವರೆಗೂ ಗೊತ್ತೇ ಇರುವುದಿಲ್ಲ. ಬೆಳಗಾವಿಯ ಯಾವುದಾದರೂ ಕಣ್ಣಿನ ಡಾಕ್ಟರ ಹತ್ತಿರ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿಕೊಂಡು ಬನ್ನಿ. ಅಲ್ಲೇ ಅರ್ಧ ಉತ್ತರ ಸಿಗುತ್ತದೆ.

ಬಿಪಿ, ಸಕ್ಕರೆಗೆ ಗುಳಿಗೆ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಹೇಳಿದರೆ ದಾರಿ ಇರಬಹುದು. ಮುಚ್ಚಿಟ್ಟು ಮೇಲೆ ಹೋದರೆ ಆಪತ್ತು ನಿಮಗೂ ಹೌದು, ಪಕ್ಕದಲ್ಲಿ ಕೂತವರಿಗೂ ಹೌದು.

ಮೂರನೆಯದು ಕಾಗದಪತ್ರ. ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ 16 ವರ್ಷ ತುಂಬಿರಬೇಕು, ಖಾಸಗಿ ಲೈಸೆನ್ಸಿಗೆ 17. ಓದು ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಅರ್ಜಿಗಳೆಲ್ಲ ಡಿಜಿಸಿಎಯ ಇಜಿಸಿಎ ಪೋರ್ಟಲ್‌ನಲ್ಲಿ. ನಮ್ಮ ಕಡೆಯವರಿಗೆ ಇಲ್ಲಿ ಎದುರಾಗುವ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪಾಸ್‌ಪೋರ್ಟಿನಲ್ಲಿ ನಡುವೆ ಅಪ್ಪನ ಹೆಸರು. ಮೂರೂ ಒಂದೇ ಥರ ಇರುವಂತೆ ಮೊದಲೇ ಸರಿ ಮಾಡಿಸಿ. ಪೊಲೀಸ್ ಪರಿಶೀಲನೆಯೂ ಇರುತ್ತದೆ, ಅದಕ್ಕೂ ಸಮಯ ಹಿಡಿಯುತ್ತದೆ. ಡಿಸೆಂಬರಿನಲ್ಲಿ ಹಾರಬೇಕಾದರೆ ಮಳೆಗಾಲದಲ್ಲೇ ಈ ಓಡಾಟ ಮುಗಿಸಿರಬೇಕು.

ಫೀಸಿನ ವಿಷಯ ಚಿಕ್ಕದಾಗಿ. ತಾಸಿಗೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಆ ತಾಸು ಶುರುವಾಗುವುದು ಇಂಜಿನ್ ಚಾಲೂ ಆದಾಗಲೋ, ಗಾಲಿ ನೆಲ ಬಿಟ್ಟಾಗಲೋ? ಜಿಎಸ್‌ಟಿ, ಇಂಧನ, ಲ್ಯಾಂಡಿಂಗ್ ಶುಲ್ಕ ಅದರಲ್ಲೇ ಸೇರಿದೆಯೇ? ನಡುವೆ ಬಿಟ್ಟರೆ ಉಳಿದ ಹಣ ವಾಪಸ್ ಸಿಗುತ್ತದೆಯೇ? ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಇಡೀ ಕೋರ್ಸಿನ ದುಡ್ಡು ಒಂದೇ ಸಲ ಕಟ್ಟಬೇಡಿ. ಐದೈದು ತಾಸಿನ ಲೆಕ್ಕದಲ್ಲಿ ಕಟ್ಟುತ್ತಾ ಹೋಗಿ.

ಬಿಸಿಲು ಮತ್ತು ಗಾಳಿ

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ವಿಜಯಪುರ ಸುಮಾರು 2,000 ಅಡಿ. ಬಾಗಲಕೋಟೆ ಅದಕ್ಕಿಂತ ಸ್ವಲ್ಪ ಕೆಳಗೆ. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳುವಾಗುತ್ತದೆ. ಬಿಸಿಲು ಹೆಚ್ಚಿದಾಗಲೂ ತೆಳುವಾಗುತ್ತದೆ. ನಮ್ಮಲ್ಲಿ ಎರಡೂ ಇವೆ.

ಲೆಕ್ಕ ಹಾಕಿಯೇ ನೋಡೋಣ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ 2 ಡಿಗ್ರಿ ಕಡಿಮೆ, ಇದು ವಿಮಾನ ಲೋಕದ ಅಳತೆಗೋಲು. ಅದರ ಪ್ರಕಾರ ಬೆಳಗಾವಿಯಲ್ಲಿ 10 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದೆ ಎಂದುಕೊಳ್ಳಿ. ಹೆಚ್ಚುವರಿ 26 ಡಿಗ್ರಿ. ಪ್ರತಿ ಹೆಚ್ಚುವರಿ ಡಿಗ್ರಿಗೆ 120 ಅಡಿ ಸೇರಿಸಬೇಕು. 26ಕ್ಕೆ 3,120 ಅಡಿ. ಮೊದಲಿನ 2,500 ಕೂಡಿಸಿದರೆ 5,600 ಅಡಿಯ ಮೇಲಾಯಿತು. ಅಂದರೆ ವಿಮಾನ ನಿಂತಿರುವುದು ಸಾಂಬ್ರಾದಲ್ಲಾದರೂ ಅದರ ರೆಕ್ಕೆ, ಪ್ರೊಪೆಲ್ಲರ್, ಇಂಜಿನ್ ಮೂರಕ್ಕೂ ಸಿಗುವುದು 5,600 ಅಡಿ ಎತ್ತರದ ಗಾಳಿ. ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ವಿಜಯಪುರದಲ್ಲಿ 40 ಡಿಗ್ರಿ ಇದ್ದರೂ ಉತ್ತರ ಹೆಚ್ಚುಕಡಿಮೆ ಅಲ್ಲೇ ಬಂದು ನಿಲ್ಲುತ್ತದೆ.

ಇದರ ಪರಿಣಾಮ ಏನು? ಸಮುದ್ರ ಮಟ್ಟದ ಗಾಳಿಗಿಂತ ಇದು ಶೇ 15ರಷ್ಟು ತೆಳು. ಇಂಜಿನ್‌ಗೆ ಉಸಿರು ಕಡಿಮೆ. ಪ್ರೊಪೆಲ್ಲರ್ ಎಳೆಯುವುದು ಕಡಿಮೆ. ಮೀಟರಿನಲ್ಲಿ ಎಂದಿನ ವೇಗವೇ ಕಂಡರೂ ನೆಲದ ಮೇಲೆ ವಿಮಾನ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಹಾಗಾಗಿ ಏರಲು ರನ್‌ವೇ ಉದ್ದ ಬೇಕು. ಏರಿದ ಮೇಲೂ ನಿಧಾನಕ್ಕೆ ಏರುತ್ತದೆ. ಮುಂಜಾನೆ ಇಬ್ಬರು ಕೂತು ಆರಾಮಾಗಿ ಏರಿದ ವಿಮಾನ ಮಧ್ಯಾಹ್ನ ಎರಡು ಗಂಟೆಗೆ ಅದೇ ಇಬ್ಬರನ್ನು ಹೊತ್ತು ಮರದ ತುದಿ ದಾಟಲು ಒದ್ದಾಡಬಹುದು. ವಿಮಾನ ಕೆಟ್ಟಿಲ್ಲ, ಗಾಳಿ ಬದಲಾಗಿದೆ ಅಷ್ಟೇ. ಹಾರುವ ಮೊದಲು ಈ ಲೆಕ್ಕ ಕಾಗದದ ಮೇಲೆ ಮಾಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಬಿಸಿಲಿಗೆ ಇನ್ನೊಂದು ಮುಖವಿದೆ. ಎರೆ ಹೊಲ ಕಾದಷ್ಟೂ ಅದರ ಮೇಲಿನ ಗಾಳಿ ಮೇಲೇಳುತ್ತದೆ. ಪಕ್ಕದ ಹಸಿರು ಕಬ್ಬಿನ ಗದ್ದೆಯ ಮೇಲೆ ಅಷ್ಟು ಏಳುವುದಿಲ್ಲ. ಒಂದರ ಮೇಲಿಂದ ಇನ್ನೊಂದಕ್ಕೆ ದಾಟುವಾಗ ಹಗುರ ವಿಮಾನ ಎತ್ತಿ ಕುಕ್ಕುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲದಲ್ಲಿ ದೆವ್ವಗಾಳಿ ಏಳುವುದನ್ನು ನೋಡಿದ್ದೀರಲ್ವಾ? ಧೂಳು ಇರುವುದರಿಂದ ಅದು ಕಣ್ಣಿಗೆ ಕಾಣುತ್ತದೆ. ಧೂಳಿಲ್ಲದೆಯೂ ಅಂಥವು ಎದ್ದಿರುತ್ತವೆ.

ನಮ್ಮ ಭಾಗದ ವರ್ಷವನ್ನು ಹೀಗೆ ನೋಡಬಹುದು. ನವೆಂಬರಿನಿಂದ ಫೆಬ್ರವರಿವರೆಗೆ ಕಲಿಯಲು ಒಳ್ಳೆಯ ಕಾಲ. ಗಾಳಿ ತಂಪು, ಆಕಾಶ ತಿಳಿ. ಆದರೆ ಕಾರ್ಖಾನೆಗಳು ಕಬ್ಬು ನುರಿಸುವ ಕಾಲವೂ ಅದೇ. ರೈತರು ಹೊಲದಲ್ಲಿ ರವದಿ ಸುಡುತ್ತಾರೆ. ಮುಂಜಾನೆ ಆ ಹೊಗೆ, ನದಿ ದಂಡೆಯ ಮಂಜು ಸೇರಿದರೆ ದೂರದ್ದು ಕಾಣುವುದಿಲ್ಲ. ಮಂಜು ಸರಿಯುವವರೆಗೆ ಕಾಯಬೇಕು. ಮಾರ್ಚ್‌ನಿಂದ ಮೇವರೆಗೆ ಸೂರ್ಯ ಹುಟ್ಟಿದಾಗಿನಿಂದ ಒಂಬತ್ತರವರೆಗೆ ಮಾತ್ರ, ಆಮೇಲೆ ವಿಮಾನ ಒಳಗೆ. ಭರಣಿ ಮಳೆಯ ಹೊತ್ತಿಗೆ ಮಧ್ಯಾಹ್ನದ ಮೇಲೆ ಗುಡುಗು ಮೋಡ ಕಟ್ಟುತ್ತದೆ. ಅದರ ಕೆಳಗಿನ ಬಿರುಗಾಳಿ ಮಳೆಗಿಂತ ಬಹಳ ಮುಂದೆ ಓಡಿ ಬರುತ್ತದೆ. ಮೋಡ ಇನ್ನೂ ದೂರ ಇದೆ, ಒಂದು ಸುತ್ತು ಹೊಡೆದು ಬರೋಣ ಎನ್ನುವ ಲೆಕ್ಕವೇ ತಪ್ಪು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರದ ಘಟ್ಟದಿಂದ ಮೋಡ ಕೆಳಗಿಳಿದು ಬರುತ್ತದೆ, ಬೆಳಗಾವಿಯಲ್ಲಿ ಮೈಕ್ರೋಲೈಟ್ ಮಾತೇ ಇಲ್ಲ. ವಿಜಯಪುರದ ಕಡೆ ಮಳೆ ಕಡಿಮೆ, ಆದರೆ ಗಾಳಿ ಜೋರು. ಗಾಳಿಯಂತ್ರ ನಿಲ್ಲಿಸುವವರು ಸವದತ್ತಿ ಗುಡ್ಡವನ್ನೂ ವಿಜಯಪುರದ ಬಯಲನ್ನೂ ಸುಮ್ನೆ ಆರಿಸಿಲ್ಲ. ಆ ನಾಲ್ಕು ತಿಂಗಳು ಓದಿಗೆ ಇಡಿ.

ಈಗ ನಿಮ್ಮ ಮನೆಗೆಲಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮುಂಜಾನೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಮಾಳಿಗೆ ಹತ್ತಿ ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ, ಎಷ್ಟಿದೆ ಬರೆಯಿರಿ. ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುತ್ತಿದ್ದರೆ ಇನ್ನೂ ಒಳ್ಳೆಯದು. ಹೊಗೆ ನೆಟ್ಟಗೆ ಏರುತ್ತಿದೆಯೇ, ಬಾಗಿದೆಯೇ, ಅಡ್ಡ ಮಲಗಿದೆಯೇ ನೋಡಿ. ಕೆಳಗೆ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕಿಗೆ ಹೊಗೆ ಹೋಗುತ್ತಿದ್ದರೆ ಅದನ್ನೂ ಬರೆಯಿರಿ. ಇಳಿಯುವಾಗ ಆ ಬದಲಾವಣೆಯ ನಡುವೆಯೇ ನೀವು ಹಾದು ಬರಬೇಕಾಗುತ್ತದೆ.

ಬರೆದದ್ದನ್ನು ಸಾಂಬ್ರಾದ ಹವಾಮಾನ ವರದಿಯ ಜೊತೆ ಹೋಲಿಸಿ. ಅದಕ್ಕೆ ಮೆಟಾರ್ ಎನ್ನುತ್ತಾರೆ, ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಬೆಳಗಾವಿಯ ಗುರುತು ವಿಒಬಿಎಂ. ಅದರ ಮುಂದೆ ತಾರೀಖು ಮತ್ತು ಸಮಯ, ಆದರೆ ಗ್ರೀನಿಚ್ ಸಮಯ. ಐದೂವರೆ ತಾಸು ಕೂಡಿಸಬೇಕು. 0230 ಎಂದಿದ್ದರೆ ನಮ್ಮ ಎಂಟು ಗಂಟೆ. ಆಮೇಲೆ 09006 ಎಂದು ಬಂದರೆ ಮೊದಲ ಮೂರು ಅಂಕಿ ದಿಕ್ಕು, 090 ಅಂದರೆ ಪೂರ್ವದಿಂದ. ಕೊನೆಯ ಎರಡು ವೇಗ, 6 ನಾಟ್. ಒಂದು ನಾಟ್ ಅಂದರೆ ತಾಸಿಗೆ 1.85 ಕಿಲೋಮೀಟರ್. ಸಾಂಬ್ರಾದ ರನ್‌ವೇ ಪೂರ್ವ ಪಶ್ಚಿಮವಾಗಿದೆ, 08 ಮತ್ತು 26 ಎಂದು ಅದರ ಎರಡು ತುದಿಯ ಹೆಸರು. ಪೂರ್ವದಿಂದ ಗಾಳಿ ಬಂದರೆ 08ನ್ನು, ಪಶ್ಚಿಮದಿಂದ ಬಂದರೆ 26ನ್ನು ಬಳಸುತ್ತಾರೆ, ಗಾಳಿಗೆ ಎದುರಾಗಿ ಏರುವುದಕ್ಕೆ. ಒಂದು ತಿಂಗಳು ಹೀಗೆ ಮಾಡಿದರೆ ಮೆಟಾರ್ ನೋಡುವ ಮೊದಲೇ ಇವತ್ತು ಯಾವ ರನ್‌ವೇ ಎಂದು ನೀವೇ ಹೇಳುತ್ತೀರಿ.

ಓದು, ರೇಡಿಯೋ

ವಾಯು ನಿಯಮ, ದಿಕ್ಕು ಹಿಡಿದು ಸಾಗುವ ವಿದ್ಯೆ, ಹವಾಮಾನ, ವಿಮಾನ ಮತ್ತು ಇಂಜಿನ್. ವಿಷಯ ಇಷ್ಟೇ. ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲೇ ಹಿಂಜರಿಯುತ್ತಾರೆ. ಹಿಂಜರಿಯುವಂಥದ್ದೇನಿಲ್ಲ. ವಿಷಯವನ್ನು ಮೊದಲು ಕನ್ನಡದಲ್ಲಿ ನಿಮ್ಮ ಮಾತಿನಲ್ಲೇ ಯಾರಿಗಾದರೂ ವಿವರಿಸಿ. ಅರ್ಥವಾದ ಮೇಲೆ ಇಂಗ್ಲಿಷಿನ ಪದಗಳು ತಾವಾಗಿ ಕೂತುಕೊಳ್ಳುತ್ತವೆ. ರೇಡಿಯೋ ಮಾತು ಇನ್ನೂ ಸುಲಭ. ಅದರಲ್ಲಿ ಬಳಸುವ ವಾಕ್ಯಗಳು ಕೆಲವೇ. ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು, ಈ ನಾಲ್ಕನ್ನು ಅದೇ ಸಾಲಿನಲ್ಲಿ ದಿನವೂ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಿ.

ಸಾಂಬ್ರಾದಲ್ಲಿ ಕಲಿಯುವವರಿಗೆ ಇದು ಇನ್ನೂ ಮುಖ್ಯ. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಮೈದಾನ ಅದು. ಇವತ್ತಿಗೂ ಭಾರತೀಯ ವಾಯುಪಡೆಯ ತರಬೇತಿ ಕೇಂದ್ರ ಪಕ್ಕದಲ್ಲೇ ಇದೆ. ಅಪ್ಪಣೆ ಇಲ್ಲದೆ ಅಲ್ಲಿ ಗಾಲಿ ಉರುಳಿಸುವಂತಿಲ್ಲ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ, ಗಣ್ಯರು ಬಂದಾಗ ಹಾರಾಟಕ್ಕೆ ತಡೆ ಬರಬಹುದು. ನೋಟಾಮ್ ಎಂಬ ಸೂಚನೆಗಳನ್ನು ದಿನವೂ ಓದಿಯೇ ಹೊರಡಬೇಕು.

ವಿಮಾನದ ಹತ್ತಿರ

ಹಾರುವ ದಿನ ಬೇಗ ಮಲಗಿ ಎದ್ದಿರಬೇಕು. ಮದ್ಯ ಮುಟ್ಟಿ 12 ತಾಸು ಆಗದೆ ಹಾರುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಉಪವಾಸವೂ ಬೇಡ. ಏಕಾದಶಿ, ಶ್ರಾವಣ ಸೋಮವಾರ ಹಿಡಿಯುವವರು ಆ ದಿನ ಹಾರಾಟ ಇಟ್ಟುಕೊಳ್ಳಬೇಡಿ. ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ತಲೆ ಹಗುರಾದರೆ ಮೇಲೆ ಕೂತು ಮಾಡುವಂಥದ್ದು ಏನೂ ಇಲ್ಲ.

ಇಂಜಿನ್ ಸ್ವಿಚ್‌ಗಳು ಆಫ್ ಇವೆಯೇ ಎಂದು ನೋಡಿದ ಮೇಲೆ ವಿಮಾನವನ್ನು ಒಂದು ಸುತ್ತು ಬನ್ನಿ. ಚೆಕ್‌ಲಿಸ್ಟ್ ಬಾಯಿಪಾಠ ಇದ್ದರೂ ಕೈಯಲ್ಲಿ ಹಿಡಿದೇ ಓದಿ. ಪ್ರೊಪೆಲ್ಲರಿನ ಅಂಚಿನ ಮೇಲೆ ಬೆರಳು ಆಡಿಸಿ. ಕಣ್ಣಿಗೆ ಕಾಣದ ಸಣ್ಣ ಸೀಳು ಬೆರಳಿಗೆ ತಾಗುತ್ತದೆ. ಒಂದೊಂದು ಬೋಲ್ಟಿಗೂ ಪಿನ್ ಇದೆಯೇ ನೋಡಿ. ರೆಕ್ಕೆಯ ಹಿಂದಿನ ತಿರುಗುವ ಭಾಗಗಳನ್ನು ಕೈಯಿಂದ ಎತ್ತಿ ಇಳಿಸಿ, ಎಲ್ಲಾದರೂ ಹಿಡಿಯುತ್ತಿದೆಯೇ ಎಂದು. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಶೀಶೆಗೆ ಬಿಟ್ಟು ಬೆಳಕಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಮಣಿಯ ಹಾಗೆ ಉರುಳುತ್ತದೆ. ಪಿಟೋ ಟ್ಯೂಬ್ ಎಂಬ ಸಣ್ಣ ಕೊಳವೆ ಮುಂದೆ ಚಾಚಿರುತ್ತದೆ. ಗಾಳಿಯ ವೇಗ ಅಳೆಯುವುದು ಅದೇ. ಎರಡು ದಿನ ಮುಚ್ಚದೆ ಬಿಟ್ಟರೆ ಕುಂಬಾರ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಆಗ ಮೀಟರ್ ಸುಳ್ಳು ಹೇಳುತ್ತದೆ.

ಮೊದಲ ಪಾಠಗಳು ನೇರ ಹಾರುವುದು, ಏರುವುದು, ಇಳಿಯುವುದು, ತಿರುಗುವುದು. ಇವು ಬೇಗ ಬರುತ್ತವೆ. ಆಮೇಲೆ ಸ್ಟಾಲ್. ಇಂಜಿನ್ ನಿಲ್ಲುವುದಕ್ಕೆ ಸ್ಟಾಲ್ ಎನ್ನುವುದಿಲ್ಲ. ರೆಕ್ಕೆ ಗಾಳಿಗೆ ಅತಿಯಾಗಿ ಓರೆಯಾಗಿ, ಎತ್ತುವ ಶಕ್ತಿ ಕಳೆದುಕೊಳ್ಳುವುದೇ ಸ್ಟಾಲ್. ಸಾಕಷ್ಟು ಎತ್ತರದಲ್ಲಿ ಇನ್‌ಸ್ಟ್ರಕ್ಟರ್ ಇದನ್ನು ಬೇಕೆಂದೇ ಮಾಡಿ ತೋರಿಸುತ್ತಾರೆ. ಕಂಟ್ರೋಲ್ ಸಡಿಲಾಗುತ್ತದೆ, ವಿಮಾನದ ಮೈ ನಡುಗುತ್ತದೆ, ಮೂಗು ತಾನಾಗಿ ಕುಸಿಯುತ್ತದೆ. ಆಗ ಹೆದರಿ ಸ್ಟಿಕ್ ಹಿಂದಕ್ಕೆ ಎಳೆಯಬೇಕೆನಿಸುತ್ತದೆ. ಎಳೆಯಬಾರದು, ಮುಂದಕ್ಕೆ ಬಿಡಬೇಕು. ಈ ಪಾಠವನ್ನು ಎಷ್ಟು ಸಲ ಮಾಡಿದರೂ ಕಡಿಮೆಯೇ. ಜನ ಸಾಯುವ ಅಪಘಾತಗಳಿಗೆ ನೆಲದ ಹತ್ತಿರದ ಸ್ಟಾಲ್ ಒಂದು ದೊಡ್ಡ ಕಾರಣ. ರನ್‌ವೇಗೆ ತಿರುಗುವ ಕೊನೆಯ ತಿರುವಿನಲ್ಲಿ ಎಚ್ಚರ ಇರಲಿ. ಹಿಂದಿನಿಂದ ಗಾಳಿ ತಳ್ಳಿ ರನ್‌ವೇ ಸಾಲು ದಾಟಿಬಿಟ್ಟರೆ ಬಿಗಿಯಾಗಿ ತಿರುಗಿಸಲು ಹೋಗಬೇಡಿ. ಥ್ರಾಟಲ್ ಕೊಟ್ಟು, ಅಂದರೆ ಇಂಜಿನ್ ಬಲ ಹೆಚ್ಚಿಸಿ ಮೇಲೇರಿ, ಇನ್ನೊಂದು ಸುತ್ತು ಬನ್ನಿ.

ಇಳಿಯುವುದೇ ಎಲ್ಲಕ್ಕಿಂತ ಕಷ್ಟ. ಹೊಸಬರು ಗಾಲಿಯ ಎದುರಿನ ನೆಲ ನೋಡುತ್ತಾರೆ. ನೆಲ ಓಡಿ ಬಂದಂತೆ ಕಂಡು ಗಾಬರಿಯಾಗಿ ಸ್ಟಿಕ್ ಎಳೆದುಬಿಡುತ್ತಾರೆ. ಕೂರಿಗೆ ಹೊಡೆಯುವವರು ಸಾಲು ನೇರ ಬರಲೆಂದು ಕಾಲ ಬುಡ ನೋಡುವುದಿಲ್ಲ, ಆಚೆ ಬದುವಿನ ಗಿಡ ನೋಡುತ್ತಾರೆ. ಇಲ್ಲೂ ಹಾಗೇ. ನೆಲದಿಂದ ಹತ್ತು ಹದಿನೈದು ಅಡಿಗೆ ಬಂದಾಗ ಕಣ್ಣನ್ನು ರನ್‌ವೇಯ ಆಚೆ ತುದಿಗೆ ಎತ್ತಿ. ಎಷ್ಟು ಎತ್ತರದಲ್ಲಿದ್ದೀರಿ ಎನ್ನುವುದು ಆಗ ಓರೆಗಣ್ಣಿಗೆ ತಿಳಿಯುತ್ತದೆ. ಕೈ ಮೆಲ್ಲಗೆ ಹಿಂದಕ್ಕೆ ಬರಲಿ. ವಿಮಾನ ತಾನೇ ಕೂರಲಿ, ಕೂರಿಸಲು ಹೋಗಬೇಡಿ.

ಒಬ್ಬರೇ ಹಾರುವ ದಿನ ಯಾವಾಗ ಎಂದು ಕೇಳುತ್ತಲೇ ಇರಬೇಡಿ. ಇನ್‌ಸ್ಟ್ರಕ್ಟರ್ ಇಳಿದು ಬಾಗಿಲು ಹಾಕಿದಾಗ ಅದೇ ಆ ದಿನ. ಆವತ್ತು ವಿಮಾನ ಹಗುರಾಗಿ ಬೇಗ ಏರುತ್ತದೆ, ಇಳಿಯುವಾಗ ಜಾಸ್ತಿ ತೇಲುತ್ತದೆ. ಮೊದಲೇ ಗೊತ್ತಿರಲಿ. ಖಾಸಗಿ ಪೈಲಟ್ ಲೈಸೆನ್ಸಿಗೆ ಒಟ್ಟು 40 ತಾಸಿನ ಹಾರಾಟ ಬೇಕು, ಅದರಲ್ಲಿ 20 ತಾಸು ಒಬ್ಬರೇ. ಮೈಕ್ರೋಲೈಟ್‌ಗೆ ಬೇಕಾದ ತಾಸುಗಳ ಪಟ್ಟಿಯನ್ನು ಸೇರುವಾಗಲೇ ಶಾಲೆಯಿಂದ ಬರೆಸಿಕೊಳ್ಳಿ.

ಬೇಡ ಎನ್ನುವ ಹಕ್ಕು ಕಲಿಯುವವರಿಗೂ ಇದೆ. ಇನ್‌ಸ್ಟ್ರಕ್ಟರ್ ಎಷ್ಟೇ ದೊಡ್ಡವರಿರಲಿ, "ಸರ್, ಇವತ್ತ ಗಾಳಿ ಭಾಳ ಅದ, ಬ್ಯಾಡ್ರಿ" ಎಂದು ಹೇಳಲು ಸಂಕೋಚ ಬೇಡ. ಒಳ್ಳೆಯ ಇನ್‌ಸ್ಟ್ರಕ್ಟರ್ ಆ ಮಾತಿಗೆ ಖುಷಿಪಡುತ್ತಾರೆ. ಸಿಟ್ಟಾದರೆ ಬೇರೆ ಇನ್‌ಸ್ಟ್ರಕ್ಟರ್ ಹುಡುಕಿ.

ಇಂಜಿನ್ ನಿಂತರೆ

ಇಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ಜಾರುತ್ತಾ ಇಳಿಯುತ್ತದೆ. ಮೊದಲು ಮೂಗು ಕೆಳಗೆ, ವೇಗ ಉಳಿಸಿಕೊಳ್ಳಿ. ಆಮೇಲೆ ಹೊಲ ಆರಿಸಿ. ಅದಾದ ಮೇಲೆಯೇ ಇಂಜಿನ್ ಮತ್ತೆ ಚಾಲೂ ಮಾಡುವ ಪ್ರಯತ್ನ, ರೇಡಿಯೋ ಎಲ್ಲ. ಆಗಷ್ಟೇ ಏರಿದ್ದರೆ ಹಿಂದಕ್ಕೆ ರನ್‌ವೇಗೆ ತಿರುಗಬೇಡಿ, ಎದುರಿಗೆ ಸಿಕ್ಕ ಬಯಲಿಗೆ ಇಳಿಯಿರಿ.

ಯಾವ ಹೊಲ? ಈ ಜ್ಞಾನ ನಮ್ಮ ರೈತರಿಗೆ ಇರುವಷ್ಟು ಬೇರೆಯವರಿಗಿಲ್ಲ. ನಿಂತ ಕಬ್ಬು ಮೇಲಿನಿಂದ ಮೆತ್ತನೆ ಹಾಸಿಗೆಯಂತೆ ಕಾಣುತ್ತದೆ, ಆದರೆ ಆಳೆತ್ತರಕ್ಕಿಂತ ಎತ್ತರ. ಗಾಲಿ ಸಿಕ್ಕಿಕೊಂಡರೆ ವಿಮಾನ ಮಗುಚುತ್ತದೆ. ಬಿಳಿಜೋಳ ನಿಂತ ಹೊಲವೂ ಬೇಡ. ದ್ರಾಕ್ಷಿ ತೋಟದತ್ತ ನೋಡಲೇಬೇಡಿ, ಕಂಬ ಮತ್ತು ತಂತಿ. ಕಡಲೆ ಕಿತ್ತ ಹೊಲ, ಶೇಂಗಾ ಹೊಲ ಒಳ್ಳೆಯವು. ಕಬ್ಬು ಕಡಿದ ಹೊಲವಾದರೆ ಸಾಲಿನ ಉದ್ದಕ್ಕೆ ಇಳಿಯಿರಿ, ಅಡ್ಡಕ್ಕೆ ಬೇಡ. ಮಳೆ ಬಿದ್ದ ಎರೆ ಗಾಲಿ ಹಿಡಿದುಬಿಡುತ್ತದೆ. ಹಾಗಾಗಿ ಮಡ್ಡಿ ನೆಲ ಕಂಡರೆ ಅದೇ ಮೇಲು. ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬಗಳ ಸಾಲು ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಎಂದೇ ತಿಳಿಯಿರಿ.

ಸ್ವಂತ ವಿಮಾನ ಬೇಕೆನಿಸಿದರೆ

ಲೈಸೆನ್ಸ್ ಬಂದ ತಕ್ಷಣ ಕೊಳ್ಳಲು ಹೋಗಬೇಡಿ. ಕೆಲವು ಕಾಲ ಶಾಲೆಯ ವಿಮಾನವನ್ನೇ ಬಾಡಿಗೆಗೆ ಹಾರಿಸಿ. ಕೊಳ್ಳುವುದಕ್ಕೆ ಕೇಂದ್ರ ಗೃಹ ಇಲಾಖೆಯ ಭದ್ರತಾ ಒಪ್ಪಿಗೆಯಿಂದ ಹಿಡಿದು ಡಿಜಿಸಿಎ ನೋಂದಣಿ, ಹಾರಾಟದ ಪರವಾನಗಿ, ವಿಮೆವರೆಗೆ ಕಾಗದಗಳ ಸಾಲೇ ಇದೆ. ಸ್ವಂತ ಹೊಲ ಉದ್ದಕ್ಕಿದೆ ಎಂದು ಅಲ್ಲಿಂದ ಹಾರುವಂತಿಲ್ಲ, ಜಾಗಕ್ಕೂ ಅನುಮತಿ ಬೇಕು. ಹ್ಯಾಂಗರ್ ಇಲ್ಲದಿದ್ದರೆ ಬಟ್ಟೆ ರೆಕ್ಕೆಯ ವಿಮಾನ ಬೇಡ. ನಮ್ಮ ಬಿಸಿಲು ಆ ಬಟ್ಟೆಯ ಬಲ ತಿಂದುಹಾಕುತ್ತದೆ.

ಕೊನೆಯದು ಪೆಟ್ರೋಲ್. ಹೆಚ್ಚಿನ ಮೈಕ್ರೋಲೈಟ್‌ಗಳಲ್ಲಿ ರೋಟಾಕ್ಸ್ ಇಂಜಿನ್ ಇರುತ್ತದೆ. ಹಳೆಯವುಗಳಲ್ಲಿ ಎರಡು ಸ್ಟ್ರೋಕಿನ 582 ಮಾದರಿ, ಪೆಟ್ರೋಲಿಗೆ ಐವತ್ತಕ್ಕೆ ಒಂದರಂತೆ ಆಯಿಲ್ ಬೆರೆಸಬೇಕು. ಹೊಸದರಲ್ಲಿ ನಾಲ್ಕು ಸ್ಟ್ರೋಕಿನ 912. ಈ 912 ಇಂಜಿನ್‌ಗೆ ಕಂಪನಿ ಒಪ್ಪಿರುವುದು ಶೇ 10ರವರೆಗೆ ಎಥನಾಲ್ ಇರುವ ಪೆಟ್ರೋಲ್. ಈಗ ನಮ್ಮ ಬಂಕ್‌ಗಳಲ್ಲಿ ಬರುತ್ತಿರುವುದು ಶೇ 20ರದ್ದು. ನಮ್ಮದೇ ಕಬ್ಬಿನಿಂದ ತಯಾರಾದ ಎಥನಾಲ್ ಎಂಬ ಅಭಿಮಾನ ಇರಲಿ, ಆದರೆ ಅದನ್ನು ವಿಮಾನಕ್ಕೆ ಹಾಕಬೇಡಿ. ಅದು ನೀರನ್ನು ಎಳೆದುಕೊಳ್ಳುತ್ತದೆ, ರಬ್ಬರ್ ಪೈಪು, ಸೀಲುಗಳನ್ನು ಹಾಳು ಮಾಡಬಹುದು.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ನೀವೇ ನೋಡಬಹುದು. ಗೆರೆ ಹಾಕಿದ 100 ಮಿಲಿಯ ಗಾಜಿನ ಸಿಲಿಂಡರಿಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಮುಚ್ಚಿ ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಡಿ. ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ತಳದ ಪದರ 10ರ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಆಸುಪಾಸಿಗೆ ಏರಿದರೆ ಅದು ಶೇ 20ರ ಪೆಟ್ರೋಲ್. ಬಯಲಿನಲ್ಲಿ, ಬೆಂಕಿಯಿಂದ ದೂರ ನಿಂತು ಮಾಡಿ.

ವಿಮಾನಕ್ಕೆಂದೇ ಬರುವ ಅವ್‌ಗ್ಯಾಸ್ ಬಳಸಬಹುದು. ಅದರಲ್ಲಿ ಸೀಸ ಇರುವುದರಿಂದ 912ರ ಆಯಿಲನ್ನು 25 ತಾಸಿಗೊಮ್ಮೆ ಬದಲಿಸಬೇಕು. ವಿಮಾನದ ಬೆಲೆ ವಿಚಾರಿಸುವ ಮೊದಲು ನಿಮ್ಮ ಹತ್ತಿರದ ನಿಲ್ದಾಣದಲ್ಲಿ ಅವ್‌ಗ್ಯಾಸ್ ಹೊರಗಿನವರಿಗೆ ಸಿಗುತ್ತದೆಯೇ, ಡ್ರಮ್ಮಿನಲ್ಲಿ ತರಿಸಿದರೆ ಲೀಟರಿಗೆ ಎಷ್ಟು ಬೀಳುತ್ತದೆ ಎಂದು ಕೇಳಿಕೊಂಡು ಬನ್ನಿ.